ಧಮ್ಮಶೀಲಾಳ ಗಾಡಿ ಕುಡಿದ ಡೀಸೆಲ್

ತಾಂಡೂರು ಸ್ಟೇಷನ್ ದಾಟಿ, ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳ ಹಿಂದಿನ ಓಣಿಗೆ ಬಂದು, ಡ್ರೈವರ್ ಧಮ್ಮಶೀಲಾ ಮನಿ ಯಾವುದು ಅಂತ ಕೇಳಿ ನೋಡಿರಿ, ಅಂಗಳದಲ್ಲಿ ಆಡುವ ಕೂಸುಗಳೂ ಕೈ ಮಾಡಿ ತೋರಿಸುತ್ತವೆ. ಬೇವಿನ ಗಿಡದ ಕೆಳಗೆ ಬಿಳಿ ಬಣ್ಣದ ಹಳೇ ಡೀಸೆಲ್ ಕಾರು ನಿಂತಿರುತ್ತದೆ. ಮುಂಜಾನೆ ಅದರೊಳಗೆ ಯಾಲಾಲ್ ಕಡೆಯ ಹಳ್ಳಿಗಳಿಗೆ ಹೋಗುವ ನರ್ಸಮ್ಮಗಳು, ಮಾಸ್ತರರು ತುಂಬಿಕೊಳ್ಳುತ್ತಾರೆ. ಸಂಜೆಗೆ ಧಮ್ಮಶೀಲಾ ಅವರನ್ನೇ ತಿರುಗಿ ತರುತ್ತಾಳೆ.

ಈ ಗಾಡಿ ಬರುವ ಮೊದಲು ಧಮ್ಮಶೀಲಾ ಕೂಡುತ್ತಿದ್ದದ್ದು ಪಾಲಿಶ್ ಮಷೀನಿನ ಮುಂದೆ. ಅದೇ ಕೆಲಸ ಅವಳ ಅತ್ತೆ ಲಚ್ಚಮ್ಮನದೂ ಆಗಿತ್ತು, ಮಾವನದೂ ಆಗಿತ್ತು. ಆ ಧೂಳಿಗೆ ಮಾವ ಕೆಮ್ಮಿ ಕೆಮ್ಮಿ, ಉಸಿರು ಸಾಲದೆ ಹೋದ. ಗಂಡ ಜೈಪಾಲ ಸಿಮೆಂಟ್ ಫ್ಯಾಕ್ಟರಿಯ ಕೆಲಸಗಾರ, ರಜೆಯ ದಿನಗಳಲ್ಲಿ ಅವಳಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನು ಅವನೇ. ಗಾಡಿ ಕೊಂಡಾಗ ಅರ್ಧ ಪಾಲು ಹಾಕಿದವನು ಜೈಪಾಲನ ಅಣ್ಣ ದೇವಿದಾಸ. ಹಾಗಾಗಿ ಗಾಡಿಯ ಮೇಲೆ ಅವನ ಮಾತೂ ನಡೆಯುತ್ತಿತ್ತು.

ಎರಡು ವರ್ಷ ಗಾಡಿ ಚೆನ್ನಾಗಿ ಓಡಿತು. ಆಮೇಲೆ ಊರ ಹೊರಗಿನ ರಸ್ತೆ ಕಿತ್ತು ಹಾಕಿದರು. ಎಲ್ಲ ಗಾಡಿಗಳೂ ಪಾಲಿಶ್ ಶೆಡ್ಡುಗಳ ನಡುವಿನ ಧೂಳಿನ ದಾರಿ ಹಿಡಿದವು. ಆ ದಿನಗಳಲ್ಲೇ ಎವರೇಜ್ ಇಳಿಯಲು ಶುರುವಾಯಿತು. ಒಂದು ಲೀಟರಿಗೆ ಹದಿನಾರು ಕಿಲೋಮೀಟರ್ ಓಡುತ್ತಿದ್ದ ಗಾಡಿ ಹತ್ತು ಓಡಿದರೆ ಹೆಚ್ಚು ಅನ್ನುವ ಹಾಗಾಯಿತು. ದಾರಿ ಕೆಟ್ಟದ್ದು, ಅದಕ್ಕೇ ಹೀಗೆ ಅಂದರು ಎಲ್ಲರೂ. ರಸ್ತೆ ಸರಿಯಾಯಿತು, ಗಾಡಿ ಡಾಂಬರಿಗೆ ಬಂತು, ಎವರೇಜ್ ಮಾತ್ರ ತಿರುಗಿ ಬರಲಿಲ್ಲ. ಏರು ಹತ್ತುವಾಗ ಹಿಂದೆ ಕಪ್ಪು ಹೊಗೆ. ನರ್ಸ್ ಶಿಲ್ಪಾರಾಣಿ ಕಿಟಕಿ ಏರಿಸುತ್ತ, ವಾಡಿ ಲೈನಿನ ಹಳೇ ಉಗಿಬಂಡಿ ಮತ್ತೆ ಬಂದಿದೆ ಅಂತ ನಗುತ್ತಿದ್ದಳು.

ದೇವಿದಾಸ ನಗಲಿಲ್ಲ. ಒಂದು ಸೋಮವಾರ ಬಂದು, ಗಾಡಿ ದುಡಿದದ್ದನ್ನೆಲ್ಲ ತಾನೇ ಕುಡಿಯುತ್ತಿದೆ, ಜಹೀರಾಬಾದಿನ ಗಿರಾಕಿಯೊಬ್ಬ ಭಾನುವಾರ ಬರುತ್ತಾನೆ, ಮಾರಿಬಿಡೋಣ ಅಂದ.

"ಗಾಡೀದೇನೂ ತಪ್ಪಿಲ್ಲ ಧಮ್ಮಾ. ಹೆಣ್ಮಕ್ಕಳು ಕ್ಲಚ್ಚಿನ ಮ್ಯಾಲಿನ ಕಾಲು ತೆಗ್ಯೋದೇ ಇಲ್ಲ. ಡೀಸೆಲ್ ನಿನ್ನ ಕಾಲೇ ಕುಡಿತದ."

"ಮೊದಲೂ ಇದೇ ಕಾಲು ಇತ್ತಲ್ಲ ಭಾವ, ಆಗ ಹೆಂಗ ಎವರೇಜ್ ಬರ್ತಿತ್ತು? ಭಾನುವಾರದತನ ಟೈಮ್ ಕೊಡ್ರಿ. ಹುಡುಕಿ ತೆಗೀತೀನಿ."

ಗಾಡಿ ಹೋದರೆ ತಾನು ಎಲ್ಲಿಗೆ ಹೋಗಬೇಕು ಅನ್ನುವುದು ಅವಳಿಗೆ ಗೊತ್ತಿತ್ತು. ಅದೇ ಮಷೀನು, ಅದೇ ಧೂಳು. ಮಾತು ಕೇಳುತ್ತ ಕೂತಿದ್ದ ಲಚ್ಚಮ್ಮನಿಗೂ ಗೊತ್ತಿತ್ತು. ಮುದುಕಿ ಮರುದಿನ ಮುಂಜಾನೆ ದಿನದ ಹಾಗೆಯೇ ಎದ್ದು, ಅಂಗಳಕ್ಕೆ ನೀರು ಹೊಡೆದು, ಹೊಸ್ತಿಲಿಗೆ ನೀರು ಹಾಕಿ, ಗಾಡಿಯ ಮೂತಿಗೂ ಒಂದು ತಂಬಿಗೆ ನೀರು ಎರಚಿದಳು. ಮನೆ ಬೆಳಗುವ ಗಾಡಿ, ಅದಕ್ಕೂ ಹೊಸ್ತಿಲಿನ ಮರ್ಯಾದೆ ಬೇಕು ಅನ್ನುವುದು ಅವಳ ಲೆಕ್ಕ ಅಂತ ಮನೆಯವರು ಅಂದುಕೊಂಡಿದ್ದರು.

ಧಮ್ಮಶೀಲಾ ಗಾಡಿ ತೆಗೆದುಕೊಂಡು ಮೆಕ್ಯಾನಿಕ್ ಶಿವಾಜಿಯ ಗ್ಯಾರೇಜಿಗೆ ಹೋದಳು. ಶಿವಾಜಿ ಒಳ್ಳೆಯ ಕೈಯವನೇ, ಆದರೆ ಅವಸರದ ಮನುಷ್ಯ. ಹಿಂದಿನ ತಿಂಗಳು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಆಯಿಲ್ ಮೂರನ್ನೂ ಒಟ್ಟಿಗೆ ಬದಲಿಸಿದ್ದ. ಏನೂ ಫರಕು ಬಿದ್ದಿರಲಿಲ್ಲ. ಗಾಡಿಗೆ ವಯಸ್ಸಾಗಿದೆ ಅಕ್ಕಾ, ಮುದುಕರು ಜಾಸ್ತಿ ನೀರು ಕುಡಿಯುತ್ತಾರೆ, ಇದು ಡೀಸೆಲ್ ಕುಡಿಯುತ್ತದೆ ಅಂತ ಅವನ ವಿವರಣೆ. ಈ ಸಲ ಒಂದು ದಿನಕ್ಕೆ ಒಂದೇ ಕೆಲಸ, ಮಾಡಿದ ಮೇಲೆ ನಾನೇ ಓಡಿಸಿ ನೋಡುತ್ತೇನೆ ಅಂದಳು ಧಮ್ಮಶೀಲಾ.

ಅವಳು ನೋಡುವ ರೀತಿ ಹೀಗಿತ್ತು. ಸಂಜೆ ಟ್ರಿಪ್ ಮುಗಿದ ಮೇಲೆ ಒಂದೇ ಬಂಕಿನಲ್ಲಿ ಟ್ಯಾಂಕ್ ಬಾಯಿಮಟ್ಟ ತುಂಬಿಸುವುದು, ಕೊಡಂಗಲ್‌ಗೆ ಹೋಗಿ ಬರುವುದು, ಅದೇ ಬಂಕಿನಲ್ಲಿ ಮತ್ತೆ ಬಾಯಿಮಟ್ಟ ತುಂಬಿಸುವುದು. ಎಷ್ಟು ಹಿಡಿಯಿತೋ ಅಷ್ಟು ಕುಡಿದಿದೆ, ಅದರಲ್ಲಿ ಅನುಮಾನವಿಲ್ಲ.

ಮೊದಲು ಟೈಯರಿನ ಗಾಳಿ ಸರಿ ಮಾಡಿಸಿದಳು. ಸ್ವಲ್ಪ ಸುಧಾರಿಸಿತು, ಬಹಳ ಇಲ್ಲ. ಆಮೇಲೆ ಬ್ರೇಕು ಹಿಡಿದುಕೊಂಡು ಗಾಡಿಯನ್ನು ಹಿಂದಕ್ಕೆ ಎಳೆಯುತ್ತಿದೆಯೋ ಅಂತ, ಓಡಿಸಿ ಬಂದ ಕೂಡಲೇ ನಾಲ್ಕೂ ಗಾಲಿಯ ಹತ್ತಿರ ಅಂಗೈ ಒಡ್ಡಿ ನೋಡಿದಳು. ಎಲ್ಲವೂ ಒಂದೇ ಬಿಸಿ. ಡೀಸೆಲ್ ಸೋರುತ್ತಿದೆಯೋ ಅಂತ ರಾತ್ರಿಯಿಡೀ ಗಾಡಿಯ ಕೆಳಗೆ ರಟ್ಟು ಹಾಸಿಟ್ಟಳು. ರಟ್ಟು ಒಣಗಿದ್ದು ಒಣಗಿದ ಹಾಗೇ ಇತ್ತು. ಶಿವಾಜಿ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಬಿಚ್ಚಿ ಚೆಕ್ ಮಾಡಿಸಿ ತಂದ. ಅವೂ ಸರಿ ಇದ್ದವು. ಒಂದೊಂದು ಸಂಜೆಯೂ ಬಂಕಿನ ಹುಡುಗಿ ಬಾಲಮಣಿ ಪೈಪ್ ತೆಗೆದು ತಲೆ ಅಲ್ಲಾಡಿಸುತ್ತಿದ್ದಳು. ಧಮ್ಮಶೀಲಾ ಮಾತ್ರ, ಇದಲ್ಲ ಅಂತ ಗೊತ್ತಾದರೂ ಒಂದು ಕೆಲಸ ಮುಗಿದ ಹಾಗೇ ಅಂದುಕೊಂಡು ಮನೆಗೆ ಬರುತ್ತಿದ್ದಳು.

ಶನಿವಾರ ಮಧ್ಯಾಹ್ನ ಉಳಿದದ್ದು ಹೊಗೆ ಒಂದೇ. ಕಪ್ಪು ಹೊಗೆ ಅಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಗಾಳಿ ಸಾಲುತ್ತಿಲ್ಲ ಅಂದ ಶಿವಾಜಿ. ಆದರೆ ಏರ್ ಫಿಲ್ಟರ್ ಹೊಸದು, ತಾನೇ ಹಾಕಿದ್ದು. ಆ ಫಿಲ್ಟರನ್ನೇ ತೆಗೆದು, ಅದು ಕೂಡುವ ಡಬ್ಬಿಯನ್ನು ಖಾಲಿ ಮುಚ್ಚಿ ನೋಡೋಣ ಅಂದಳು ಧಮ್ಮಶೀಲಾ. ಎಕ್ಸಲರೇಟರ್ ಒತ್ತಿದರು, ಹೊಗೆ ಹಾಗೇ ಬಂತು. ಈಗ ಡಬ್ಬಿಯ ಮುಚ್ಚಳವನ್ನೂ ತೆರೆದಿಡು ಅಂದಳು. ತೆರೆದ ಕೂಡಲೇ ಎಂಜಿನ್ನಿನ ದನಿಯೇ ಬದಲಾಯಿತು, ಕಟ್ಟಿದ್ದ ಗಂಟಲು ಬಿಚ್ಚಿದ ಹಾಗೆ. ಹಿಂದೆ ಹೊಗೆ ನಿಂತಿತ್ತು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಡಬ್ಬಿಗಿಂತ ಮುಂದೆ ಇರುವುದು ಹೊರಗಿನ ಗಾಳಿ ಎಳೆದುಕೊಳ್ಳುವ ಒಂದು ಪೈಪು ಅಷ್ಟೇ, ಅದರ ಬಾಯಿ ಗಾಡಿಯ ಮೂತಿಯ ಜಾಲರಿಯ ಹಿಂದೆ. ಅಲ್ಲೇನಿರುತ್ತದೆ ಅಂತ ಶಿವಾಜಿ ಅನ್ನುವಷ್ಟರಲ್ಲಿ ಧಮ್ಮಶೀಲಾ ಕೈ ಇಳಿಸಿದ್ದಳು. ಬೆರಳಿಗೆ ಗಟ್ಟಿಯಾದದ್ದೇನೋ ತಾಗಿತು. ಕಟ್ಟಿದ್ದ ದಾರ ಹರಿದು ಎಳೆದಾಗ, ಒಣಗಿದ ಕಟಕ ರೊಟ್ಟಿಯಂಥ ಬಿಳಿ ಹೆಂಟೆಯೊಂದು ಹೊರಗೆ ಬಂತು. ಅರಿವೆ, ನಾಲ್ಕು ಪದರ ಮಡಿಚಿದ್ದು. ಫರ್ಸಿ ಧೂಳು, ನೀರು ಎರಡೂ ಕುಡಿದು ಗೋಡೆಗೆ ಮೆತ್ತಿದ ಗಿಲಾವಿನ ಹಾಗೆ ಬಿಗಿದಿತ್ತು. ಮುರಿದ ಅಂಚಿನಲ್ಲಿ ಹಸಿರು ದಡಿ ಕಂಡಿತು. ಆ ದಡಿ ಯಾರ ಸೀರೆಯದು ಅಂತ ಅವಳಿಗೆ ಗುರುತು ಸಿಕ್ಕಿತು.

ಇದು ಮನೆಯವರದೇ ಕೈ ಅಂತ ತಿಳಿದು, ಶಿವಾಜಿ ಅವಳ ಮನೆಯ ಮಂದಿಯ ಮುಂದೆ ಏನು ಹೇಳಬೇಕು ಅಂತ ಯೋಚಿಸಿ, ಇಲಿ ಗೂಡು ಕಟ್ಟಿತ್ತು ಅಂದುಬಿಡು ಅಕ್ಕಾ ಅಂತ ಸಲಹೆ ಕೊಟ್ಟ. ಅವಳು ಆ ಹೆಂಟೆಯನ್ನು ಸೀಟಿನ ಕೆಳಗೆ ಇಟ್ಟುಕೊಂಡು ಮನೆಗೆ ಬಂದಳು. ಲಚ್ಚಮ್ಮ ತೊಗರಿ ಹಸನು ಮಾಡುತ್ತಿದ್ದಳು. ಧಮ್ಮಶೀಲಾ ಮೊರದ ಪಕ್ಕಕ್ಕೆ ಅದನ್ನಿಟ್ಟಳು. ಮುದುಕಿ ಹಸಿರು ದಡಿಯ ಮೇಲೆ ಬೆರಳಾಡಿಸಿದಳು.

"ನಾನೇ ಕಟ್ಟೀನವ್ವ. ರಸ್ತಾ ಕೆಟ್ಟಾಗ ಗಾಡಿ ಶೆಡ್ಡಿನ ಧೂಳಿನ್ಯಾಗ ಓಡ್ತಿತ್ತಲ್ಲ, ಇದರ ಮೂಗು ಎಲ್ಲೈತಿ ಅಂತ ಶಿವಾಜಿಗಿ ಕೇಳಿದ್ದೆ, ನಗ್ತಾ ತೋರಿಸಿದ. ಮಷೀನಿನ ಮುಂದ ನಾವು ಹಸಿ ಅರಿವಿ ಕಟ್ಟಿಕೊಂಡೇ ಕೂಡ್ತಿದ್ವಿ. ನಿಮ್ಮ ಮಾವ ಕಟ್ಟಿಕೊಳ್ಳಲಿಲ್ಲ. ಗಾಡಿಗೂ ಹಂಗ ಆಗಬಾರದಂತ ಕಟ್ಟಿದೆ. ಅರಿವಿ ಒಣಗಬಾರದಂತ ದಿನಾ ನೀರು ಹೊಡದೆ."

ನಾವು ದಿನಾ ಸಂಜೆ ಅರಿವೆ ಬಿಚ್ಚಿ ಒಗೆಯುತ್ತಿದ್ದೆವಲ್ಲ ಅತ್ತಿ, ಅದನ್ನು ಮರೆತಿರಿ, ಅಂದಳಂತೆ ಧಮ್ಮಶೀಲಾ. ಬೈಯಲಿಲ್ಲ. ಎದ್ದು ಗಾಡಿ ತೆಗೆದುಕೊಂಡು ಬಂಕಿಗೆ ಹೋದಳು, ಕೊಡಂಗಲ್‌ಗೆ ಹೋಗಿ ಬಂದಳು. ಬಾಲಮಣಿ ಪೈಪ್ ಹಿಡಿದವಳು ಟ್ಯಾಂಕ್ ಇಷ್ಟು ಬೇಗ ತುಂಬಿತೇ ಅಂತ ಇಣುಕಿ ನೋಡಿದಳು. ಹದಿನಾರು ತಿರುಗಿ ಬಂದಿತ್ತು.

ಭಾನುವಾರ ದೇವಿದಾಸ ಗಿರಾಕಿಯನ್ನು ಕರೆದುಕೊಂಡು ಬಂದ. ಎವರೇಜ್ ಬಂದಿದೆ ಅಂದರೆ ನಂಬಲಿಲ್ಲ. ಹಾಗಿದ್ದರೆ ನೀವೇ ಕೂಡ್ರಿ, ನೀವೇ ಪೈಪ್ ಹಿಡಿದು ತುಂಬಿಸಿರಿ ಅಂದಳು ಧಮ್ಮಶೀಲಾ. ಮೂವರೂ ಕೊಡಂಗಲ್ ಕಂಡು ಬಂದರು. ದೇವಿದಾಸನ ಕೈಯಲ್ಲೇ ಟ್ಯಾಂಕ್ ತುಂಬಿತು, ಹದಿನಾರೇ ಬಂತು. ಆದರೆ ಈಗ ಇನ್ನೊಂದು ಪೇಚು. ಇಂಥ ಗಾಡಿ ಎಲ್ಲಿ ಸಿಗುತ್ತದೆ ಅಂತ ಗಿರಾಕಿ ಮೊದಲಿಗಿಂತ ಹೆಚ್ಚು ಆಸೆಪಟ್ಟ. ಮನೆಗೆ ಬಂದು ಬಾಜಿನ ಮಂಚದ ಮೇಲೆ ಕೂತು ಬೆಲೆಯನ್ನೂ ಏರಿಸಿದ. ದೇವಿದಾಸ ಗಡ್ಡ ತುರಿಸಿಕೊಳ್ಳುತ್ತ ಬೇವಿನ ಗಿಡ ನೋಡತೊಡಗಿದ.

ಆಗ ಲಚ್ಚಮ್ಮ ಆ ಬಿಳಿ ಹೆಂಟೆಯನ್ನು ತಂದು ಮಗನ ಕೈಗೆ ಕೊಟ್ಟಳು.

"ದೇವ್ಯಾ, ಡೀಸೆಲ್ ಕುಡಿಸಿದಾಕಿ ನಾನು, ಇಕಿ ಕಾಲಲ್ಲ. ಇದನ್ನ ಗಾಡಿ ಮೂಗಿಗಿ ನಾನೇ ಕಟ್ಟಿದ್ದೆ. ಗಾಡಿ ಮಾರಿದ್ರ ಇಕಿ ಮತ್ತ ಆ ಮಷೀನಿಗೇ ಹೋಗ್ತಾಳ. ನಿಮ್ಮಪ್ಪನ ಉಸಿರು ಅಲ್ಲೇ ಹೋಗ್ಯಾದ. ಇನ್ನೊಬ್ಬರನ್ನ ಅಲ್ಲಿಗಿ ಕಳಸಾಕ ನಾ ಬಿಡಾಂಗಿಲ್ಲ."

ದೇವಿದಾಸ ಹೆಂಟೆಯನ್ನು ಹೊರಳಿಸಿ ಹೊರಳಿಸಿ ನೋಡಿದ. ಬೆರಳಿಗೆ ಬಿಳಿ ಹಿಟ್ಟು ಅಂಟಿತು. ಆಮೇಲೆ ಗಿರಾಕಿಗೆ ಚಹಾ ಕುಡಿಸಿ, ಬಸ್ ಸ್ಟ್ಯಾಂಡಿನ ತನಕ ತಾನೇ ಬಿಟ್ಟು ಬಂದ. ಬಂದವನು ಧಮ್ಮಶೀಲಾಳ ಮುಖ ನೋಡದೆ ಹೇಳಿದ್ದು ಒಂದೇ ಮಾತು.

"ನಾಳೆ ಹಳ್ಳಿ ಟ್ರಿಪ್ ಅದ ಅಲ್ಲಾ, ಹಿಂದಿನ ಟೈಯರಿನ ಗಾಳಿ ಒಮ್ಮೆ ನೋಡ್ಕೋ."

ಮರುದಿನ ಮುಂಜಾನೆ ಲಚ್ಚಮ್ಮ ಅಂಗಳಕ್ಕೆ ನೀರು ಹೊಡೆದಳು, ಹೊಸ್ತಿಲಿಗೆ ಹಾಕಿದಳು, ತಂಬಿಗೆ ಹಿಡಿದು ಗಾಡಿಯ ಮುಂದೆ ಬಂದು ನಿಂತಳು. ನಿಂತವಳು ತಿರುಗಿ ಆ ನೀರನ್ನು ಬೇವಿನ ಬುಡಕ್ಕೆ ಸುರಿದಳು. ತಳದಲ್ಲಿ ಉಳಿದ ನೀರಿನಲ್ಲಿ ಹಸಿರು ದಡಿಯ ಸೀರೆಯ ಇನ್ನೊಂದು ತುಂಡು ತೋಯಿಸಿ ಹಿಂಡಿ, ಗಾಡಿಯ ಕಿಟಕಿಯೊಳಗೆ ಕೈ ಹಾಕಿ, ಹೊರಡಲು ಕೂತಿದ್ದ ಸೊಸೆಗೆ ಕೊಟ್ಟಳು. ಶೆಡ್ಡುಗಳ ಓಣಿ ದಾಟುವ ತನಕ ಕಟ್ಟಿಕೋ, ಸಂಜೆ ಬಂದು ಒಗೆದು ಹಾಕು ಅಂದಳು. ಧಮ್ಮಶೀಲಾ ಮೂಗಿಗೆ ಅರಿವೆ ಕಟ್ಟಿಕೊಂಡು ಗಾಡಿ ಚಾಲೂ ಮಾಡಿದಳು.