ಹಿಂದಿನ ಸೀಟಿನ ಮೆಕ್ಯಾನಿಕ್

ಹಳೇ ಕಾರುಗಳ ಸದ್ದು ಹಿಡಿಯುವುದರಲ್ಲಿ ನಮ್ಮಣ್ಣನದು ಎತ್ತಿದ ಕೈ. ಹಿಂದುಗಡೆ ಏನೋ ಕಟಕಟ ಅನ್ನುತ್ತಿದೆ ಎಂದು ಯಾರಾದರೂ ಶೆಡ್ಡಿಗೆ ಬಂದರೆ, ಗಾಡಿಯನ್ನು ತಾನು ಓಡಿಸುತ್ತಿರಲಿಲ್ಲ. ಅವರನ್ನೇ ಓಡಿಸಲು ಹೇಳಿ, ತಾನು ಹಿಂದಿನ ಸೀಟಿನಲ್ಲಿ ಕೂತು, ಚಕ್ರದ ಮೇಲಿನ ತಗಡಿಗೆ ಕಿವಿ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಒಂದು ಹಂಪ್ ಹತ್ತಿಸಿ ಇಳಿಸಿದರೆ ಸಾಕು, ಸವೆದದ್ದು ಶಾಕ್ ಅಬ್ಸಾರ್ಬರೋ, ಬುಷ್ಷೋ, ಸ್ಪ್ರಿಂಗೋ ಹೇಳಿಬಿಡುತ್ತಿದ್ದ. ತನ್ನ ವಿಷಯ ಬಂದರೆ ಮಾತ್ರ ಬಾಯಿಗೆ ಬೀಗ. ಮದುವೆಯ ಮಾತೆತ್ತಿದರೆ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಕಾರಿನಡಿ ನುಸುಳುತ್ತಿದ್ದ. ತಂಗಿಯಾದ ನಾನು ಗೋಗರೆದೆ, ಬೈದೆ, ಕೊನೆಗೆ ಕೈಚೆಲ್ಲಿದೆ.

ಅಂಥವನು ಟೈಲರಮ್ಮನ ಕಾರು ಬರುವ ದಿನ ಶೇವ್ ಮಾಡಿಕೊಂಡು, ಒಗೆದ ಅಂಗಿ ಹಾಕಿಕೊಳ್ಳುತ್ತಿದ್ದ.

ಟೈಲರಮ್ಮನ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವರು ಬಿಟ್ಟುಹೋದ ಕಾರಿನ ಡಿಕ್ಕಿಯಲ್ಲಿ ಹೊಲಿದ ಯೂನಿಫಾರ್ಮಿನ ಗಂಟುಗಳನ್ನು ತುಂಬಿಕೊಂಡು ಈಕೆ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದರು. ಆ ಭಾರಕ್ಕೆ ಕಾರಿನ ಹಿಂಭಾಗ ಆಗಾಗ ಕೈಕೊಡುತ್ತಿತ್ತು. ಅವರು ಓಡಿಸುವುದು, ಇವನು ಹಿಂದೆ ಕೂತು ಕೇಳಿಸಿಕೊಳ್ಳುವುದು. ಒಂದು ಸುತ್ತು ಸಾಲುವ ಕಡೆ ಇನ್ನೊಂದು ಸುತ್ತು ಹೋಗಿ ಬರುತ್ತಿದ್ದರು. ಊಟದ ಡಬ್ಬಿ ಹಿಡಿದು ಶೆಡ್ಡಿನ ಬಾಗಿಲಲ್ಲಿ ಕಾಯುವ ನನಗೆ ಅಷ್ಟೂ ಅರ್ಥವಾಗುವುದಿಲ್ಲವೇ? "ಇಷ್ಟು ಹೊತ್ತು ಅದ್ಯಾವ ಸದ್ದು ಕೇಳ್ತಿದ್ದೆ?" ಎಂದು ಕಾಲೆಳೆದರೆ, ಕೈಗೆ ಸಿಕ್ಕ ಬೋಲ್ಟನ್ನು ತೆಗೆದುಕೊಂಡು ಉಜ್ಜತೊಡಗುತ್ತಿದ್ದ.

ಆ ದಿನ ಕಾರು ಬಂದಾಗಲೇ ಹಿಂದೆ ಎಡಗಡೆ ಕುಸಿದಿತ್ತು. ಟೈರಿನ ಒಳಗಿನ ಅಂಚು ಮಾತ್ರ ನುಣ್ಣಗೆ ಸವೆದಿತ್ತು. ಅಣ್ಣ ಡಿಕ್ಕಿಯನ್ನು ಬಲವಾಗಿ ಅದುಮಿ ಬಿಟ್ಟ. ಕಾರು ಒಂದೇ ಸಲಕ್ಕೆ ನಿಲ್ಲದೆ ಕುಣಿಯುತ್ತಲೇ ಇತ್ತು. ಒಂದು ಸುತ್ತು ಹೋಗೋಣ ಎಂದು ಈ ಸಲ ಅವನು ಅನ್ನಲಿಲ್ಲ. ಜಾಕ್ ಕೊಟ್ಟು, ಚಕ್ರ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿದ. ಸ್ಪ್ರಿಂಗಿನ ಮೇಲ್ತುದಿ ಕಾರಿನ ಮೈಗೆ ಒತ್ತಿಕೊಳ್ಳುವ ಜಾಗಕ್ಕೆ ಸ್ಕ್ರೂಡ್ರೈವರ್ ಇಟ್ಟ. ಚಹಾದಲ್ಲಿ ನೆನೆದ ಬಿಸ್ಕತ್ತಿಗೆ ಚುಚ್ಚಿದ ಹಾಗೆ ಅದು ಒಳಗೆ ಹೋಯಿತು. ಸ್ಪ್ರಿಂಗ್ ಹೊಸದು ಹಾಕಬಹುದು, ಶಾಕ್ ಹೊಸದು ಹಾಕಬಹುದು. ಅವು ಆತುಕೊಳ್ಳುವ ತಗಡನ್ನೇ ತುಕ್ಕು ತಿಂದು ಮುಗಿಸಿದ್ದರೆ ಯಾವ ಮೆಕ್ಯಾನಿಕ್ ತಾನೆ ಏನು ಮಾಡಿಯಾನು?

ಟೈಲರಮ್ಮ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ನಾನು ಅಣ್ಣನ ಪಕ್ಕ ಕುಕ್ಕರಗಾಲಲ್ಲಿ ಕೂತು ಪಿಸುಗುಟ್ಟಿದೆ. "ಏನೋ ಒಂದು ತಗಡು ಬೆಸುಗೆ ಹಾಕಿ ಕಳಿಸೋ. ಕಾರು ಹೋದ್ರೆ ಅವರು ಇಲ್ಲಿಗೆ ಯಾಕೆ ಬರ್ತಾರೆ?"

"ಬೆಸುಗೆ ಹಿಡಿಯೋಕೂ ಒಳ್ಳೆ ಕಬ್ಬಿಣ ಬೇಕಲ್ಲೇ. ನಡುರಸ್ತೇಲಿ ಕಿತ್ಕೊಂಡ್ರೆ? ಓಡಿಸೋದು ಅವರು" ಎಂದ.

ಎದ್ದು ಹೊರಗೆ ಹೋದ. "ಇನ್ನು ಇದನ್ನ ಓಡಿಸ್ಬೇಡಿ. ರಿಪೇರಿ ಆಗೋ ಹಾಗಿಲ್ಲ" ಎಂದ.

ಟೈಲರಮ್ಮ ಕಾರಿನ ಕಡೆ ತಿರುಗಲಿಲ್ಲ, ಅವನನ್ನೇ ನೋಡಿದರು. "ಮಗಳು ಅವಳ ಊರಿಗೆ ಬಂದ್ಬಿಡು ಅಂತಿದಾಳೆ. ಕಾರಿದೆ, ನನ್ನ ಕೆಲಸ ನಡೀತಿದೆ ಅಂತ ಹೇಳ್ಕೊಂಡು ಬಂದೆ. ಇನ್ನು ನಾನು ಇಲ್ಲೇ ಇರೋಕೆ ಏನು ಕಾರಣ ಇದೆ? ನೀವೇ ಹೇಳಿ."

ಹೇಳೋ, ಹೇಳೋ ಎಂದು ಮನಸ್ಸಿನಲ್ಲೇ ಅವನನ್ನು ತಿವಿದೆ. ಅಣ್ಣ ಬಟ್ಟೆಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ.

"ಗುಜರಿಯವರಿಗೆ ನಾನೇ ಹೇಳ್ತೀನಿ. ನೀವು ಅಲೆಯೋದು ಬೇಡ" ಎಂದ.

ಅವರು ಬೆಂಚಿನಿಂದ ಎದ್ದರು. ಆಮೇಲೆ ಡಿಕ್ಕಿಯಲ್ಲಿದ್ದ ಗಂಟನ್ನು ತೆಗೆದುಕೊಂಡು, ಬರ್ತೀನಿ ಎಂದು ನನಗೂ ಹೇಳಿ, ರಸ್ತೆಗಿಳಿದರು.

ನನಗೆ ತಡೆಯಲಾಗಲಿಲ್ಲ. "ಅಯ್ಯೋ ನಿನ್ನ! ಅವರು ಕೇಳಿದ್ದು ಗುಜರಿಯವರನ್ನೇನೋ? ಅಷ್ಟೂ ತಿಳೀಲಿಲ್ವಾ ನಿಂಗೆ?"

"ತಿಳೀತು ಕಣೇ" ಎಂದ. ಅವನ ಕಣ್ಣಲ್ಲಿ ನೀರಾಡುತ್ತಿತ್ತು. "ಬಾಯಿಗೇ ಬರ್ಲಿಲ್ಲ."

"ಹಾಗಾದ್ರೆ ಈಗ ಓಡು! ಇನ್ನೂ ತಿರುವು ದಾಟಿಲ್ಲ ಅವರು!" ಎಂದು ಬೆನ್ನಿಗೆ ಕೈ ಕೊಟ್ಟು ತಳ್ಳಿದೆ.

ಟೈಲರಮ್ಮ ಗಂಟನ್ನು ಕೈಯಿಂದ ಕೈಗೆ ಬದಲಿಸುತ್ತಾ ನಿಧಾನವಾಗಿ, ತೀರಾ ನಿಧಾನವಾಗಿ ನಡೆಯುತ್ತಿದ್ದರು. ಅಣ್ಣ ಒಂದು ಹೆಜ್ಜೆಯನ್ನೂ ಕಿತ್ತಿಡಲಿಲ್ಲ.