ಅಕ್ಕಾರು ಹೊತ್ತ ತಪ್ಪು

ಮೊನ್ನೆ ಕ್ಯಾಂಪ್ ಪೇಟೆಯ ಪಾರ್ಲರಿನಲ್ಲಿ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದೆ. ಅಮೋನಿಯಾ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಅಷ್ಟೇ! ಕೂತಲ್ಲಿಂದಲೇ ತೊಂಬತ್ತರ ದಶಕದ ಹಡಪಸರಕ್ಕೆ, ನಮ್ಮ ಕಾರ್ಖಾನೆಯ ರೆಕಾರ್ಡ್ ರೂಮಿಗೆ ಹೋಗಿಬಿಟ್ಟೆ. ಅಲ್ಲಿ ಯಂತ್ರಭಾಗಗಳ ಡ್ರಾಯಿಂಗುಗಳ ಪ್ರತಿ ತೆಗೆಯುತ್ತಿದ್ದುದು ಅಮೋನಿಯಾದಿಂದಲೇ.

ಆ ಕೋಣೆಯ ಯಜಮಾನಿಕೆ ಹುಬ್ಬಳ್ಳಿ ಕಡೆಯ ಒಬ್ಬ ಕ್ರೈಸ್ತ ಹೆಂಗಸಿನದು. ಧಾರವಾಡದವಳಾದ ನಾನು ಅವರನ್ನು ‘ಅಕ್ಕಾರ’ ಎಂದೇ ಕರೆಯುತ್ತಿದ್ದೆ. ಹೊರಗೆಲ್ಲ ಮರಾಠಿ, ಒಳಗೆ ನಮ್ಮಿಬ್ಬರದೇ ಕನ್ನಡ ರಾಜ್ಯ. ಡ್ರಾಯಿಂಗುಗಳನ್ನು ಕಾದದ್ದು ಸಾಕು, ಇನ್ನು ಬೋರ್ಡಿನ ಮುಂದೆ ಕೂತು ತಾವೇ ಅವನ್ನು ಬರೆಯಬೇಕು ಎಂಬುದೊಂದೇ ಅವರ ಆಸೆ. ಆ ಹುದ್ದೆ ಇನ್ನೇನು ಕೈಗೆ ಬರುವುದರಲ್ಲಿತ್ತು.

ಅವರ ಕೈಕೆಳಗಿನ ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ತಿದ್ದಿದ ಹೊಸ ಡ್ರಾಯಿಂಗ್ ಕೊಟ್ಟಾಗ ಹಳೆಯದನ್ನು ಮಷಿನ್ ಶಾಪಿನಿಂದ ವಾಪಸ್ ತಂದು ಹರಿಯಬೇಕು. ನಾನು ಮರೆತೆ. ಹಳೆಯದನ್ನೇ ನೋಡಿ ಇಡೀ ಪಾಳಿಯ ಮಾಲಿಗೆ ತಪ್ಪು ಜಾಗದಲ್ಲಿ ತೂತು! ವಿಭಾಗದ ಸಾಹೇಬರು ಧಡಧಡ ಮೆಟ್ಟಿಲು ಹತ್ತಿ ಬಂದು, "ಹೇ ಕೋಣೀ ಕೇಲಂ?" ಎಂದು, ಇದನ್ನು ಮಾಡಿದ್ದು ಯಾರೆಂದು ಗುಡುಗಿದರು. ನಾನು ಕಪಾಟಿನ ಹಿಂದೆ ಸರಿದೆ. ಅಕ್ಕಾರು ಎದ್ದು ನಿಂತು, ಕೋಣೆ ನನ್ನದು, ತಪ್ಪೂ ನನ್ನದೇ ಎಂದು ಮರಾಠಿಯಲ್ಲಿ ಹೇಳಿದರು. ನನ್ನ ಕೆಲಸ ಉಳಿಯಿತು. ಅವರ ಬೋರ್ಡು ಹೋಯಿತು.

ನಾನು ಉಪವಾಸ ಹಿಡಿದೆ. ಭಾನುವಾರ ಜೇಜುರಿ ಗುಡ್ಡದ ಗುಡಿಗೆ ಹೋಗಿ ಬರಿಗಾಲಲ್ಲಿ ಮೆಟ್ಟಿಲು ಹತ್ತಿದೆ. ಮರುದಿನ ಅಲ್ಲಿನ ಭಂಡಾರದ, ಅಂದರೆ ಪ್ರಸಾದದ ಅರಿಶಿನದ, ಪೊಟ್ಟಣವನ್ನು ಅವರ ಮುಂದಿಟ್ಟು, "ಪ್ರಾಯಶ್ಚಿತ್ತ ಮಾಡ್ಕೊಂಡ ಬಂದೇನ್ರಿ ಅಕ್ಕಾರ. ಇನ್ನೂ ನಾಕು ಐತವಾರ ಹೋಗ್ತೇನ್ರಿ" ಎಂದೆ.

ಅಕ್ಕಾರು ಅರಿಶಿನವನ್ನು ಗೌರವದಿಂದ ಪಕ್ಕಕ್ಕಿಟ್ಟು, ತಮ್ಮ ಡಬ್ಬಿ ಬಿಚ್ಚಿ ನನ್ನ ಕೈಗೆ ರೊಟ್ಟಿ ಕೊಟ್ಟರು. "ಮೊದಲ ತಿನ್ನು. ನಾ ಹೊತ್ತದ್ದನ್ನ ಮತ್ತ ನೀ ಯಾಕ ಹೊರ್ತಿ, ಹುಚ್ಚಿ?"

"ಹಂಗ ಹೆಂಗ್ರಿ? ತಪ್ಪು ನಂದು."

"ಹೌದು, ನಿಂದ. ಸಣ್ಣದೂ ಅಲ್ಲ. ನಮ್ಮ ಯೇಸುಸ್ವಾಮಿ ನನ್ನ ಪಾಪ ಹೊತ್ತಾಗ ನಾ ಏನ ಕೊಟ್ಟಿದ್ದೆ? ಕೃಪಾ ಅನ್ನೂದು ಗಳಸಲಿಕ್ಕೆ ಬರೂದಿಲ್ಲ ನೋಡು. ತಗೋಬೇಕು, ಅಷ್ಟ."

ತಗೊಳ್ಳುವುದು ಉಪವಾಸಕ್ಕಿಂತ ಕಷ್ಟ ಮಾರಾಯರೇ! ಆದರೂ ತಿಂದೆ. ಬಿಕ್ಕುತ್ತ ಬಿಕ್ಕುತ್ತ ಮೂರು ರೊಟ್ಟಿ! ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆ ಹಗುರದಲ್ಲೇ ಸಾಹೇಬರ ಬಳಿ ಓಡಿ ನಿಜ ಹೇಳಿಬಿಟ್ಟೆ. ಅವರು ಡ್ರಾಯಿಂಗ್ ಕೊಟ್ಟದ್ದರ ರಿಜಿಸ್ಟರ್ ತೆರೆದು ನನ್ನ ಸಹಿಯನ್ನೇ ತೋರಿಸಿದರು. ಅವರಿಗೆ ಮೊದಲೇ ಗೊತ್ತಿತ್ತು. ನನ್ನನ್ನು ಕೆಲಸದಿಂದ ತೆಗೆಯಲು ಹೊರಟವರನ್ನು, ಶಿಕ್ಷೆ ತಮಗಿರಲಿ ಎಂದು ತಡೆದದ್ದು ಅಕ್ಕಾರಂತೆ...

ಆ ವರ್ಷ ತಪ್ಪಿದ ಹುದ್ದೆ, ಮುಂದೆ ವಯಸ್ಸಿನ ನೆಪದಲ್ಲಿ ಅವರಿಗೆ ತಪ್ಪಿಯೇ ಹೋಯಿತು. ಕೆಲವು ವರ್ಷಗಳ ಮೇಲೆ ಅದು ಸಿಕ್ಕಿದ್ದು ಯಾರಿಗೆ? ನನಗೆ! ನಾನು ನಾಚಿಕೆಯಿಂದ ಮುಖ ಮರೆಸಿಕೊಂಡು ಕೂತಿದ್ದರೆ ಅಕ್ಕಾರು ಪೇಢೆಯ ಪೆಟ್ಟಿಗೆ ಹಿಡಿದು ಇಡೀ ವಿಭಾಗ ಸುತ್ತಿದರು. "ನಮ್ಮ ಹುಡುಗಿ ಬೋರ್ಡಿಗೆ ಕೂತಾಳ್ರಿ!" ಎಂದು ಕನ್ನಡ ಬಾರದವರಿಗೂ ಕನ್ನಡದಲ್ಲೇ ಕೂಗಿ ಹೇಳಿದರು.

ಎರಡು ಸಾವಿರ ಇಸವಿ ದಾಟಿದ ಮೇಲೆ ಅಕ್ಕಾರು ತೀರಿಕೊಂಡರು. ಈಗ ನಾನೂ ನಿವೃತ್ತಳು. ಮನೆಗೆ ಒಳ್ಳೆಯ ಸುದ್ದಿ ಬಂದರೆ ಎಲ್ಲರೂ ಸಂತೋಷಪಡುತ್ತಾರೆ, ಇಲ್ಲವೆನ್ನಲಾರೆ. ಆದರೆ ನನ್ನ ಸುಖಕ್ಕೆ ನನಗಿಂತ ಹೆಚ್ಚು ಕುಣಿಯುವವರು ಒಬ್ಬರೇ ಇದ್ದರು.