ಜಪಾನಿ ಹೆಲ್ಮೆಟ್ಟಿಗೆ ಯಕ್ಷಗಾನದ ಗಂಟು

ನಾನು ಭಾಂಡುಪ್‌ನ ವಠಾರದಂಥ ಚಾಳಿನಲ್ಲಿ ಬೆಳೆದವಳು. ಶಾಲೆಯಿಂದ ಬಂದವಳೇ ಚೀಲ ಎಸೆದು ಟಿವಿ ಮುಂದೆ ಕೂರುತ್ತಿದ್ದೆ. ಐದು ಬಣ್ಣದ ಐವರು ಮುಖವಾಡದ ವೀರರು ರಬ್ಬರಿನ ರಾಕ್ಷಸರನ್ನು ಬಡಿಯುತ್ತಿದ್ದರು. ಅವರು ಅಮೆರಿಕದವರೆಂದೇ ನಂಬಿದ್ದೆ. ಹತ್ತನೇ ಕ್ಲಾಸಿನ ಮಗಳು ಮೊನ್ನೆ ಮೊನ್ನೆ ನನ್ನ ಅಜ್ಞಾನ ಕಳೆದಳು. ಹೊಡೆದಾಟವೆಲ್ಲ ಜಪಾನಿನಲ್ಲಿ ತೆಗೆದದ್ದಂತೆ, ಮುಖವಾಡ ಕಳಚಿದಾಗ ಕಾಣುವ ಮುಖಗಳು ಮಾತ್ರ ಅಮೆರಿಕದವಂತೆ. ತನ್ನ ಅಜ್ಜನ ಯೌವನದ ಕಾಲದಿಂದಲೂ ಅಲ್ಲಿ ಇಂಥವು ಬರುತ್ತಿವೆ, ದೇಶದೇಶದ ಮಕ್ಕಳು ಅವನ್ನು ನೋಡಿಯೇ ಬೆಳೆದರು ಎಂದಳು. ಗೊತ್ತಿಲ್ಲದೆಯೇ ನಮ್ಮ ಚಾಳಿನವರೂ ಆ ಗುಂಪಿನಲ್ಲಿದ್ದೆವು.

ಸಾಂತಾಕ್ರೂಜ್‌ನ ವೇಷಸ್ಪರ್ಧೆಗೆಂದು ಅವಳು ಅಂಥ ಒಬ್ಬ ವೀರನ ವೇಷ ಹೊಲಿದುಕೊಂಡಳು. ಫೋಮಿನ ಹೆಲ್ಮೆಟ್ ಮಾತ್ರ ತಲೆಯಲ್ಲಿ ನಿಲ್ಲಲಿಲ್ಲ. ಒಂದು ಸುತ್ತು ತಿರುಗಿದರೆ ಕಿವಿಯ ಕಡೆ ಜಾರುತ್ತಿತ್ತು. ಎರಡೇ ದಿನ ಉಳಿದಾಗ, ಹೋಗುವುದೇ ಇಲ್ಲ ಎಂದು ಅತ್ತಳು. ನನಗೆ ಸಿಟ್ಟು ಬಂತು. ಮೂರು ತಿಂಗಳು ಮನೆ ತುಂಬ ಫೋಮಿನ ಚೂರು ಹರಡಿ ಈಗ ಹೀಗೆನ್ನುವುದೆ?

ನನ್ನ ಮಾವ, ಅಂದರೆ ಅವಳ ಅಜ್ಜ, ಸಯನ್‌ನ ನಮ್ಮ ಮನೆಯಲ್ಲೇ ಇದ್ದಾರೆ. ಹೋಟೆಲಿನಲ್ಲಿ ದುಡಿದು, ರಜೆಯ ದಿನ ಯಕ್ಷಗಾನದಲ್ಲಿ ಕುಣಿದವರು. ಮೊಣಕಾಲು ಕೈಕೊಟ್ಟ ಮೇಲೆ ರಂಗ ಹತ್ತಿಲ್ಲ, ಆಟ ನೋಡಲೂ ಹೋಗುವುದಿಲ್ಲ. ಅವರು ಹೆಲ್ಮೆಟ್ ತಿರುಗಿಸಿ ನೋಡಿದರು.

“ಮುಖವೇ ಕಾಣುವುದಿಲ್ಲವಲ್ಲ ಮಾರಾಯ್ತಿ. ಭಾವ ಎಲ್ಲಿಂದ ಬರುವುದು?”

“ಇಸೀಲಿಯೇ ಅಜ್ಜ, ಅದಕ್ಕೇ ಕೈಯಿಂದ ಮಾಡ್ಬೇಕು. ಪೂರಾ ಬಾಡಿಯಿಂದ,” ಎಂದು ಮಗಳು ತೋಳು ಬೀಸಿ ತೋರಿಸಿದಳು.

“ಹಾಗಾದರೆ ಹೆಜ್ಜೆ ಅಗಲ ಇಡು. ಕುತ್ತಿಗೆ ಮೊದಲು ತಿರುಗಲಿ.”

ಮಂಚದಡಿಯಿಂದ ಮಾವನ ಹಳೆಯ ವೇಷದ ಪೆಟ್ಟಿಗೆ ಹೊರಬಂತು. ಸ್ಪರ್ಧೆಯ ದಿನ, ಯಕ್ಷಗಾನದ ಕಿರೀಟ ಕಟ್ಟುವ ಕ್ರಮದಲ್ಲೇ ಮಾವ ಅವಳ ತಲೆಗೆ ಬಟ್ಟೆ ಬಿಗಿದು, ಮೇಲೆ ಹೆಲ್ಮೆಟ್ ಇಟ್ಟು, ಹಿಂದಿನಿಂದ ಹಗ್ಗ ಎಳೆದು ಕಟ್ಟಿದರು.

ವೇದಿಕೆಯಲ್ಲಿ ಎಷ್ಟು ಕುಣಿದರೂ ಅದು ಅಲುಗಲಿಲ್ಲ. ಚಪ್ಪಾಳೆ ಬಿತ್ತು. ಕೊನೆಗೆ ನಿರೂಪಕ ಹೆಲ್ಮೆಟ್ ತೆಗೆದು ಮುಖ ತೋರಿಸಲು ಹೇಳಿದ. ಅದು ಅಲ್ಲಿನ ನಿಯಮ. ನಮ್ಮ ಯಕ್ಷಗಾನದಲ್ಲಿ ವೇಷಧಾರಿ ಜನರೆದುರು ಕಿರೀಟ ಬಿಚ್ಚುವುದುಂಟೆ? ಇಡೀ ಆಟಕ್ಕೆ ನಿಲ್ಲುವಂತೆ ಮಾವ ಗಂಟು ಹಾಕಿದ್ದರು. ಮಗಳು ಎಳೆದಳು, ಜಗ್ಗಿದಳು. ಸಭೆ ನಗತೊಡಗಿತು.

ಆಗ ಮೈಕಿನಲ್ಲಿ ಅವಳ ದನಿ ಕೇಳಿತು. “ಅಜ್ಜ, ಬನ್ನಿ. ನಿಮ್ಮ ಗಂಟು ಬಿಚ್ಚಲಿಕ್ಕೆ ನನಗೆ ಬರ್ತಿಲ್ಲ.”

ಮಾವ ನನ್ನ ಭುಜ ಹಿಡಿದು ಎದ್ದರು. ಒಂದೊಂದೇ ಮೆಟ್ಟಿಲು ಹತ್ತಿ ಬೆಳಕಿಗೆ ಬಂದು ಗಂಟು ಬಿಚ್ಚಿದರು. ಬೆವರಿದ ಮುಖದ ಮಗಳು ಅವರ ಕೈ ಬಿಡಲಿಲ್ಲ. “ಇವರು ನನ್ನ ಅಜ್ಜ. ಇವರೇ ಕಟ್ಟಿದ್ದು,” ಎಂದಳು, ಕನ್ನಡದಲ್ಲೇ. ನಗುತ್ತಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ನಾಚಿಕೆಯಿಲ್ಲದೆ ಅತ್ತೆ.

ಬಹುಮಾನ ಬರಲಿಲ್ಲ. ಬಸ್ಸಿನಲ್ಲಿ ನೋಡಿದರೆ ಅವಳ ಹಣೆಯ ಮೇಲೆ ಬಟ್ಟೆ ಒತ್ತಿದ ಕೆಂಪು ಗೆರೆ. ಮಾವನ ಹಣೆಯಲ್ಲೂ ಅದೇ ಜಾಗದಲ್ಲಿ ಒಂದು ಹಳೆಯ ಗೆರೆಯಿದೆ. ಅವರು ಅವಳ ಹಣೆ ಮುಟ್ಟಿ, “ನಾಳೆಗೆ ಹೋಗ್ತದೆ,” ಎಂದರು.

“ಬೇಡ ಅಜ್ಜ, ಇರಲಿ,” ಎಂದಳು ಮಗಳು.